ಪುಕ್ಕಟೆ ಮಹಾತ್ಮೆ

ಕರ್ಣ, ಬಲಿ, ಶಿಬಿ ಎಂದು ಕೊಟ್ಟವರ ಕಥೆಗಳನ್ನೇ ಕೇಳಿ ನಮ್ಮ ಕಿವಿ ದಣಿದಿದೆ. ತೆಗೆದುಕೊಂಡವರ ಮಹಿಮೆ ಹಾಡುವ ಕವಿ ಇನ್ನೂ ಹುಟ್ಟಬೇಕು. ಆ ಕೊರತೆ ಕಿಂಚಿತ್ತಾದರೂ ನೀಗಲೆಂದು, ಮುಕ್ತ ತಂತ್ರಾಂಶವನ್ನು ವರ್ಷಗಟ್ಟಲೆ ಬಳಸಿಯೂ ಅದನ್ನು ಕಟ್ಟಿದ ಸ್ವಯಂಸೇವಕರ ಕೈಗೆ ಬಿಡಿಗಾಸನ್ನೂ ಹಾಕದೆ, ಆ ಮೂಲಕ ಅವರ ನಿಸ್ವಾರ್ಥಕ್ಕೆ ಧೂಳು ಸೋಕದಂತೆ ಕಾಪಾಡಿಕೊಂಡು ಬಂದಿರುವ ಕಪಿಲಾ ತೀರದ ನನ್ನ ನೆರೆಹೊರೆಯವರಿಗೆ ಈ ನಾಲ್ಕು ಮಾತುಗಳನ್ನು ಭಕ್ತಿಪೂರ್ವಕ ಅರ್ಪಿಸುತ್ತಿದ್ದೇನೆ.

ನಂಜನಗೂಡಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಈ ಗುಣದ ಸಾಕ್ಷಾತ್ ದರ್ಶನ ನನಗಾಯಿತು. ಹಿರಿಯರೊಬ್ಬರ ಹಳೆಯ ‘ನುಡಿ’ ತಂತ್ರಾಂಶದ ಕಡತವನ್ನು ಯೂನಿಕೋಡಿಗೆ ತರಬೇಕಿತ್ತು. ಅದಕ್ಕೆಂದು ಯಾರೋ ನಿದ್ದೆಗೆಟ್ಟು ಬರೆದು ಊರಿಗೆಲ್ಲ ಹಂಚಿದ ಪರಿವರ್ತಕವಿದೆ. ಒತ್ತಿದ್ದೇ ತಡ, ಎರಡು ಪುಟದ ಖಾತೆ ಬದಲಾವಣೆ ಅರ್ಜಿ ಅಚ್ಚುಕಟ್ಟಾಗಿ ಬಂತು. ಅರ್ಜಿದಾರರ ಹೆಸರಿನಲ್ಲಿ ಮಾತ್ರ ಅರ್ಕಾವೊತ್ತು ಒಂದಕ್ಷರ ಆಚೆ ಜಿಗಿದು ಕೂತಿತ್ತು.

“ಒಂದ್ ಕೆಲ್ಸ ನೆಟ್ಟಗೆ ಮಾಡಕ್ಕಾಗಲ್ಲ ನೋಡಿ ಇವ್ರ್ ಕೈಲಿ” ಎಂದರು ಅಂಗಡಿಯವರು.

“ಪುಕ್ಕಟೆ ಕೊಟ್ಟಿರೋದಲ್ವೇನಪ್ಪಾ?” ಎಂದರು ಹಿರಿಯರು.

“ಪುಕ್ಕಟೆ ಕೊಟ್ರೆ? ಕೊಡೋದ್ ಕೊಟ್ಟವ್ರೆ, ಸರಿಯಾಗಿರೋದ್ನ ಕೊಡ್ಬಾರ್ದಾ ಯಜಮಾನ್ರೆ?”

ಉಪನಿಷತ್ತಿಗೆ ಸಮನಾದ ಈ ಉತ್ತರವಿತ್ತು, ಅಕ್ಷರವನ್ನು ತಾವೇ ತಿದ್ದಿ, ಪುಟದ ಲೆಕ್ಕದಲ್ಲಿ ಹಣ ಎಣಿಸಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದರು. ದೋಷವನ್ನು ಪರಿವರ್ತಕ ಬರೆದವರಿಗೆ ತಿಳಿಸಲಿಲ್ಲ. ತಿಳಿಸಿ ಅವರ ಮನಸ್ಸು ನೋಯಿಸುವುದೇಕೆ ಎಂಬ ಸೂಕ್ಷ್ಮ ಅವರದು.

ಇದು ನಿನ್ನೆ ಮೊನ್ನೆಯ ಸಂಸ್ಕಾರವಲ್ಲ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿ, ಅದರ ಮೇಲೆ ಹಣದ ಹಕ್ಕು ಹೂಡದೆ ನಾಡಿಗೆ ಬಿಟ್ಟುಕೊಟ್ಟರು. ಸರ್ಕಾರದ ಅಧಿಕೃತ ಕೀಲಿಮಣೆಗೂ ಅದೇ ತಳಹದಿಯಾಯಿತು. ನಾವು ಸುಮ್ಮನಿದ್ದೆವೇ? ಅದನ್ನು ‘ನುಡಿ ಕೀಬೋರ್ಡ್’ ಎಂದು ಕರೆದು, ಹೆಸರಿನ ಭಾರವನ್ನೂ ಅವರ ಹೆಗಲಿನಿಂದ ಇಳಿಸಿದೆವು. ಲಿನಕ್ಸಿನಲ್ಲಿ ಕನ್ನಡ ಓದುವವರಿಗೆ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳ ಪರಿಚಯವಿರುತ್ತದೆ. ಆ ಗುಬ್ಬಿಗೆ ಒಂದು ಕಾಳನ್ನೂ ಹಾಕದೆ ಅದರ ಸ್ವಾವಲಂಬನೆಯನ್ನು ಉಳಿಸಿಕೊಟ್ಟವರು ನಾವು.

ಹೊರದೇಶದವರು ಈ ವಿವೇಕದಲ್ಲಿ ನಮ್ಮ ಹತ್ತಿರ ಬಂದಿದ್ದರು, ಮುಟ್ಟಲಾಗಲಿಲ್ಲ. ಬ್ಯಾಂಕು, ಅಂಗಡಿ, ಅಂಚೆಗಳೆಲ್ಲ ತಮ್ಮ ಗುಟ್ಟನ್ನು ಕಾಯಲು ನಂಬಿದ್ದ ಓಪನ್ಎಸ್ಎಸ್ಎಲ್ ಎಂಬ ಯೋಜನೆಗೆ 2014ರ ತನಕ ಇಡೀ ಜಗತ್ತಿನಿಂದ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಆ ವರ್ಷದ ಏಪ್ರಿಲಿನಲ್ಲಿ ಅದರೊಳಗಿನ ಹಾರ್ಟ್‌ಬ್ಲೀಡ್ ಎಂಬ ಬಿರುಕು ಬಯಲಾದೊಡನೆ ದೊಡ್ಡ ದೊಡ್ಡ ಕಂಪನಿಗಳು ಎದೆಗುಂದಿ ಹಣ ಒಟ್ಟುಗೂಡಿಸಿ ಕೊಟ್ಟವು. ನಮ್ಮ ತೀರದ ತಿರುಮಕೂಡಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇರುವುದು ಕಾಶಿಗಿಂತ ಈ ಕ್ಷೇತ್ರ ಅಷ್ಟು ತೂಕ ಹೆಚ್ಚೆಂದು ಸಾರುವುದಕ್ಕೆ. ಹೊರದೇಶದವರು 2,000 ಡಾಲರ್ ಕೊಟ್ಟು ಕೆಟ್ಟರು, ನಾವು ಏನನ್ನೂ ಕೊಡಲಿಲ್ಲ; ಇಲ್ಲಿಯೂ ಗುಲಗಂಜಿ ತೂಕದ ಮೇಲುಗೈ ನಮ್ಮದೇ.

ಎಕ್ಸ್‌ಜ಼ೆಡ್ ಯೂಟಿಲ್ಸ್ ಪ್ರಸಂಗವನ್ನಂತೂ ಪುರಾಣ ಪ್ರವಚನಗಳಲ್ಲಿ ಓದಿಸಬೇಕು. ಕಡತಗಳನ್ನು ಕುಗ್ಗಿಸುವ ಆ ತಂತ್ರಾಂಶವನ್ನು ವರ್ಷಗಳ ಕಾಲ ನೋಡಿಕೊಂಡವರು ಹೆಚ್ಚುಕಮ್ಮಿ ಒಬ್ಬರೇ. ಇದು ಸಂಬಳವಿಲ್ಲದ ಹವ್ಯಾಸ, ಮನಸ್ಸಿನ ಆರೋಗ್ಯವೂ ಸರಿಯಿಲ್ಲ ಎಂದು 2022ರಲ್ಲಿ ಅವರು ಹೇಳಿಕೊಂಡರು. ಆಗ ಕೆಲವರು ಹಿಂದೆ ಮುಂದೆ ನೋಡದೆ, ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಟ್ಟುಕೊಡಿ ಎಂದು ಗದರಿಕೊಂಡರು. ಅವರು ಹೊಣೆಯಲ್ಲಿ ಪಾಲು ಕೊಟ್ಟರು. ಪಾಲು ಪಡೆದ ಅಪರಿಚಿತ ಕಳ್ಳಬಾಗಿಲು ಕೊರೆದ. 2024ರ ಮಾರ್ಚಿನಲ್ಲಿ ಇನ್ನೊಬ್ಬ ಎಂಜಿನಿಯರು, ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋದದ್ದರಿಂದ ಅದು ಬೆಳಕಿಗೆ ಬಂತು. ಗದರಿದವರು ನಿಜವಾದ ಬಳಕೆದಾರರೇ ಅಲ್ಲ, ಸಂಚುಗಾರರದೇ ವೇಷಗಳಿರಬೇಕೆಂದು ತಿಳಿದವರು ಶಂಕಿಸಿದ್ದಾರೆ. ಆದರೆ ಆ ಹೊತ್ತಿನಲ್ಲಿ ಯಾರಿಗೂ ಅನುಮಾನ ಹುಟ್ಟಲಿಲ್ಲ. ಸಾಮಾನ್ಯ ಬಳಕೆದಾರರ ನಡೆನುಡಿಗೆ ಅಷ್ಟು ಚೆನ್ನಾಗಿ ಹೊಂದಿತ್ತು ಅವರ ಮಾತು. ವೇಷ ಕಟ್ಟಲು ವಂಚಕರೂ ನಮ್ಮನ್ನೇ ಮಾದರಿಯಾಗಿ ಆರಿಸಿಕೊಂಡರೆಂದ ಮೇಲೆ ನಮ್ಮ ಶಿಷ್ಟಾಚಾರಕ್ಕೆ ಬೇರೆ ಪ್ರಶಸ್ತಿಪತ್ರ ಬೇಕೆ?

ಇಲ್ಲೊಂದು ತುಲನೆಯನ್ನು ಭಯಭಕ್ತಿಯಿಂದಲೇ ಮಾಡುತ್ತೇನೆ. ಲೋಕಕ್ಕಾಗಿ ನಂಜುಂಡ ಶ್ರೀಕಂಠೇಶ್ವರನಿಗೂ ಹೊತ್ತು ಹೊತ್ತಿಗೆ ನೈವೇದ್ಯ ಆಗಬೇಕು, ವರ್ಷಕ್ಕೊಮ್ಮೆ ದೊಡ್ಡ ಜಾತ್ರೆಯಲ್ಲಿ ತೇರು ಎಳೆಯಬೇಕು, ಹುಂಡಿಯಂತೂ ಇರಲೇಬೇಕು. ನಮ್ಮ ತಂತ್ರಾಂಶದ ಹುಡುಗರಿಗೆ ಇದ್ಯಾವುದರ ಹಂಗೂ ಇಲ್ಲ. ಸಂಬಳದ ಕೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ, ಸರ್ವರಿನ ಬಾಡಿಗೆಯನ್ನು ಸ್ವಂತ ಜೇಬಿನಿಂದ ಕಟ್ಟಿ ಬೈಗುಳ ನುಂಗುತ್ತಾರೆ. ದೇವರಿಗೂ ಸಿಗದ ಈ ಪದವಿಗೆ ಅವರನ್ನು ಏರಿಸಿದ ಶ್ರೇಯ ಬಳಕೆದಾರರದು. ಬೆಂಗಳೂರಿನ ಜೆರೋಧ ಸಂಸ್ಥೆಯವರು 2024ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿ ಈ ಏಣಿಯನ್ನು ಅಲುಗಾಡಿಸಿದ್ದಾರೆ. ಆ ಚಾಳಿ ಹೆದ್ದಾರಿ ಹಿಡಿದು ಕಪಿಲೆ ದಾಟದಿರಲಿ.

ಹಾಗೆಂದು ನಾವು ಕೃತಘ್ನರೆಂದು ಯಾರೂ ಬೆರಳು ತೋರಿಸುವಂತಿಲ್ಲ. ನವೆಂಬರ್ ಬಂತೆಂದರೆ ತಿ. ನರಸೀಪುರದಂಥ ಊರಿನಲ್ಲೂ ವೇದಿಕೆ ಏಳುತ್ತದೆ. ಕನ್ನಡದ ಒತ್ತಕ್ಷರ ಸರಿಪಡಿಸಿದ ತಾಲ್ಲೂಕಿನ ಹುಡುಗನನ್ನು ಕರೆಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತು, ತಂತ್ರಾಂಶವೆಂದರೇನೆಂದು ಅಧ್ಯಕ್ಷರು ಅವನಿಗೇ ಮುಕ್ಕಾಲು ಗಂಟೆ ವಿವರಿಸುತ್ತಾರೆ. ಹಿಂದಿನ ಫ್ಲೆಕ್ಸಿನಲ್ಲಿ ಅವನದೇ ಫಾಂಟು, ಅದರಲ್ಲಿ ಅವನ ಹೆಸರಿಗಿಂತ ದಪ್ಪನಾಗಿ ಪ್ರಾಯೋಜಕರ ಹೆಸರು. ಸಭೆ ಮುಗಿದ ಮೇಲೆ ಶಾಮಿಯಾನದವರು, ಮೈಕ್‌ಸೆಟ್ಟಿನವರು, ಫ್ಲೆಕ್ಸಿನವರು, ಉಪ್ಪಿಟ್ಟು ಕೇಸರಿಬಾತಿನವರು ಸಾಲಾಗಿ ಬಂದು ಹಣ ಪಡೆದು ಸಣ್ಣವರಾಗುತ್ತಾರೆ. ಹುಡುಗ ಮಾತ್ರ ಆ ಕಳಂಕವಿಲ್ಲದೆ ಬುಟ್ಟಿ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾನೆ. ದಾರಿಯಲ್ಲೇ ಕಾರ್ಯದರ್ಶಿಗಳ ಫೋನು: “ತಮ್ಮಾ, ಆ ಫಾಂಟಲ್ಲಿ ‘ಕ್ಷ’ ಯಾಕೋ ಸರಿ ಬರ್ತಿಲ್ಲ ಕಣಪ್ಪ, ರಾತ್ರಿ ಒಸಿ ನೋಡ್ಬುಡು.”

ಆದ್ದರಿಂದ ಓದುಗ ಮಹಾಶಯರಲ್ಲಿ ನನ್ನ ಕಳಕಳಿಯ ವಿನಂತಿ: ಇಂಥ ಹುಡುಗನೋ ಹುಡುಗಿಯೋ ನಿಮ್ಮೂರಿನಲ್ಲಿ ಕಂಡರೆ ಹಣದ ಮಾತೆತ್ತಿ ಅವರನ್ನು ಸಂಕೋಚಕ್ಕೆ ಈಡುಮಾಡಬೇಡಿ, ಒಂದು ಶಾಲು ಸಾಕು. ಶಾಲಿನ ಅಂಗಡಿಯವರ ಬಾಕಿಯನ್ನು ಮಾತ್ರ ಅಂದೇ ತೀರಿಸಿ. ಅವರು ಸ್ವಯಂಸೇವಕರಲ್ಲ.