ಕ್ಲಾಸ್ ಎ ಸಾರಿನ ಪುಡಿ

ಮನೆಯಲ್ಲೇ ತಿಂಡಿ ತಿನಿಸು ಮಾಡಿ ಮಾರುವವರಿಗೆಂದು ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನಿದೆ. 2012ರಲ್ಲಿ ಜೆರ್ರಿ ಬ್ರೌನ್ ಗವರ್ನರ್ ಆಗಿದ್ದಾಗ ಸಹಿ ಬಿದ್ದು, 2013ರ ಜನವರಿಯಿಂದ ಜಾರಿಯಲ್ಲಿದೆ. ಕಾಟೇಜ್ ಫುಡ್ ಕಾನೂನು ಅನ್ನುತ್ತಾರೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಷರತ್ತು: ತಿನಿಸು ತಯಾರಿಸುವಾಗ, ಪ್ಯಾಕ್ ಮಾಡುವಾಗ ಅಡುಗೆಮನೆಯಲ್ಲಿ ಕೂಸುಗಳಾಗಲಿ, ಚಿಕ್ಕ ಮಕ್ಕಳಾಗಲಿ, ಸಾಕುಪ್ರಾಣಿಗಳಾಗಲಿ ಇರಕೂಡದು. ನಾನು ದಿನಾ ಬಾಯಿ ಬಡಕೊಂಡು ಹೇಳುವ ಮಾತನ್ನು ಒಂದಿಡೀ ರಾಜ್ಯದ ಶಾಸನಸಭೆ ಕೂತು ಚರ್ಚಿಸಿ ಅಂಗೀಕರಿಸಿದೆ ಅಂದರೆ ಯಾವ ತಾಯಿಗೆ ಸಂತೋಷವಾಗುವುದಿಲ್ಲ?

ಸನ್ನಿವೇಲಿನ ನಮ್ಮ ಎರಡು ಬೆಡ್‌ರೂಮಿನ ಮನೆಯಲ್ಲಿ ಸಾರಿನ ಪುಡಿಯ ವ್ಯಾಪಾರ ಶುರುವಾದದ್ದು ಈ ಸಂತೋಷದಲ್ಲೇ. 2015ರ ಮೇ ತಿಂಗಳವರೆಗೆ ಗಂಡನ ಕೆಲಸದ ವೀಸಾ ನೆಚ್ಚಿಕೊಂಡು ಎಚ್-4 ವೀಸಾದಲ್ಲಿ ಬಂದ ನನ್ನಂಥ ಹೆಂಡತಿಯರು ಇಲ್ಲಿ ಒಂದು ಡಾಲರೂ ದುಡಿಯುವಂತಿರಲಿಲ್ಲ. ಆಮೇಲೆ, ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಗೂ ಕೆಲಸದ ಪರವಾನಗಿ ಎಂದಾಯಿತು. ನನ್ನ ಪರವಾನಗಿ ಕೈಗೆ ಬರುವ ಹೊತ್ತಿಗೆ ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಆಗತಾನೇ ಕಾಲು ಬಂದಿತ್ತು. ಇಬ್ಬರನ್ನೂ ಡೇಕೇರಿಗೆ ಬಿಟ್ಟು ನಾನು ಕೆಲಸಕ್ಕೆ ಹೋದರೆ ಸಂಬಳವನ್ನು ನೇರ ಡೇಕೇರಿನವರ ಖಾತೆಗೇ ಹಾಕಿಸಬಹುದು, ನಡುವೆ ನಾನೇಕೆ ಅಂತ ಲೆಕ್ಕ ಹೇಳಿತು. ಸರಿ, ಮನೆಯಲ್ಲೇ ಏನಾದರೂ ಮಾಡೋಣ ಅಂದೆ. ಉಪ್ಪಿನಕಾಯಿಗೆ ಅನುಮತಿಯಿಲ್ಲ. ಅನುಮತಿಯಿರುವ ತಿನಿಸುಗಳ ಪಟ್ಟಿಯಲ್ಲಿ ಹೋಳಿಗೆಯನ್ನು ಯಾವ ಗೂಡಿಗೆ ಸೇರಿಸುವುದೋ ನನಗೂ ನಮ್ಮನೆಯವರಿಗೂ ಬಗೆಹರಿಯಲಿಲ್ಲ. ಒಣ ಮಸಾಲೆಗೆ ಅಡ್ಡಿಯಿಲ್ಲ.

ಅರ್ಜಿಯಲ್ಲಿ ಎರಡು ದರ್ಜೆ. ಗಿರಾಕಿಗೆ ನೇರವಾಗಿ ಮಾರಿದರೆ ಕ್ಲಾಸ್ ಎ. ಅಂಗಡಿ, ಹೋಟೆಲುಗಳಿಗೂ ಕೊಡುವುದಿದ್ದರೆ ಕ್ಲಾಸ್ ಬಿ. ಅದಾದರೆ ಅಡುಗೆಮನೆ ನೋಡಲು ಕೌಂಟಿಯ ಇನ್ಸ್‌ಪೆಕ್ಟರ್ ಬರುತ್ತಾರೆ. ನಮ್ಮ ಅಡುಗೆಮನೆಗೆ ಇನ್ಸ್‌ಪೆಕ್ಟರ್! ಮರುಮಾತಿಲ್ಲದೆ ಎ ಅಂದೆ. ಎ ದರ್ಜೆಯವರು ತಮಗೆ ತಾವೇ ಸರ್ಟಿಫಿಕೇಟು ಕೊಟ್ಟುಕೊಂಡರೆ ಸಾಕು. ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಮಾರಕೂಡದೆಂಬ ಮಿತಿಯೂ ಇದೆ. 2022ರಲ್ಲಿ ಅದನ್ನು ಎ ದರ್ಜೆಗೆ 75,000 ಡಾಲರಿಗೆ ಏರಿಸಿದರು. ನಮ್ಮನೆಯವರು ಇನ್ನೂ ಕೊತ್ತಂಬರಿ ಬೀಜ ತರುವ ಮುಂಚೆಯೇ ಎಕ್ಸೆಲ್ ಶೀಟು ತೆರೆದು, "ಮಿತಿ ದಾಟಿಬಿಟ್ಟರೆ ಏನು ಮಾಡೋಣ?" ಅಂತ ರಾತ್ರಿ ಹನ್ನೊಂದರವರೆಗೆ ಚಿಂತೆ ಮಾಡಿದರು. ಚಿಂತೆಯ ನಡುವೆ ಲೋಗೋ ಕೂಡ ಬರೆದರು. ಅದು ನೋಡಲು ಥೇಟ್ ಅವರ ಕಂಪನಿಯ ಲೋಗೋದಂತೆಯೇ ಇತ್ತು.

ಕಾನೂನನ್ನು ಪೂರ್ತಿ ಓದಿದ್ದು ಆಮೇಲೆ. ಮಕ್ಕಳಷ್ಟೇ ಅಲ್ಲ, ಈ ಕೆಲಸ ನಡೆಯುವಾಗ ಅದೇ ಅಡುಗೆಮನೆಯಲ್ಲಿ ಮನೆಮಂದಿಯ ಅಡುಗೆ, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಇಸ್ತ್ರಿ, ಅತಿಥಿ ಸತ್ಕಾರ ಇವೂ ಕೂಡದು. ಅಂದರೆ ಮನೆಯಲ್ಲಿ ವ್ಯಾಪಾರ ಮಾಡಬಹುದು, ಆ ಹೊತ್ತಿನಲ್ಲಿ ಮನೆ ಮಾತ್ರ ಅಲ್ಲಿರಬಾರದು. ಇದನ್ನು ಬರೆದವರ ಮನೆಯಲ್ಲಿ ಮಕ್ಕಳು ಬೆಳೆದು ಕಾಲೇಜು ಸೇರಿರಬೇಕು.

ಮಕ್ಕಳು ಮಲಗಿದ ಮೇಲೆ ಮಾಡಿದರಾಯಿತು ಅಂತ ಯಾರಾದರೂ ಹೇಳುತ್ತಾರೆ. ಹೇಳುವವರು ಮಿಕ್ಸಿಯ ಸದ್ದು ಕೇಳಿಲ್ಲ. ಊರಿನ ಮಿಕ್ಸಿಯನ್ನೇ 110 ವೋಲ್ಟಿಗೆ ಮಾಡಿಕೊಟ್ಟಿದ್ದಾರೆ, ಗಂಟಲು ಮಾತ್ರ 220ರದ್ದೇ. ಅದಕ್ಕೂ ಮೊದಲು ಹುರಿಯುವುದಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುವುದು ನಾಲಿಗೆಗೆ ಸರಿ, ಮೂಗಿಗಲ್ಲ. ಬಾಣಲೆಯಲ್ಲಿ ಒಂದು ಹಿಡಿ ಬಿದ್ದು ಘಾಟು ಎದ್ದಿತೋ, ಮೊದಲು ನನಗೆ ಕೆಮ್ಮು, ಆಮೇಲೆ ಸ್ಮೋಕ್ ಅಲಾರಮ್ಮಿಗೆ, ಆಮೇಲೆ ಒಳಗಿನ ಕೋಣೆಯಿಂದ ಇಬ್ಬರ ಆಲಾಪ. ಮಕ್ಕಳು ಮಲಗಿದ್ದರೆ ಕೆಲಸ ಕಾನೂನುಬದ್ಧ, ಆದರೆ ಕೆಲಸ ಶುರುವಾದೊಡನೆ ಅವರು ಎದ್ದು ಅದನ್ನು ಕಾನೂನುಬಾಹಿರ ಮಾಡುತ್ತಾರೆ.

ಕೊನೆಗೆ ನಮ್ಮನೆಯವರೇ ಉಪಾಯ ಹೂಡಿದರು. ಶನಿವಾರ ಮಧ್ಯಾಹ್ನ ಇಬ್ಬರನ್ನೂ ಕಾರ್ ಸೀಟಿಗೆ ಬಿಗಿದು, ಎಲ್ ಕಮೀನೋ ರಸ್ತೆಯಲ್ಲಿ ಮೌಂಟನ್ ವ್ಯೂ ತನಕ ಹೋಗುವುದು, ಬರುವುದು. ಕಾರು ಓಡುತ್ತಿದ್ದರೆ ಮಕ್ಕಳು ನಿದ್ದೆ, ಕೆಂಪು ಸಿಗ್ನಲ್ಲಿಗೆ ಎಚ್ಚರ. ಆ ರಸ್ತೆಯ ಸಿಗ್ನಲ್ಲುಗಳ ಮೇಲೆ ಅವರು ಮಾಡಿರುವಷ್ಟು ಅಧ್ಯಯನವನ್ನು ಸಾರಿಗೆ ಇಲಾಖೆ ಮಾಡಿರಲಿಕ್ಕಿಲ್ಲ. "ಆಯ್ತಾ?" ಅಂತ ಫೋನು ಬರುತ್ತದೆ. "ಮೆಂತ್ಯಕ್ಕೆ ಬಂದಿದೀನಿ ಕಣ್ರೀ, ಇನ್ನೊಂದು ರೌಂಡ್ ಹೊಡೀರಿ" ಅನ್ನುತ್ತೇನೆ. ನಮ್ಮ ಸಾರಿನ ಪುಡಿಯ ದರದಲ್ಲಿ ಪೆಟ್ರೋಲಿನ ಪಾಲೂ ಇದೆ.

ಅತ್ತೆಯವರು ಮೈಸೂರಿನಿಂದ ಬಂದಾಗ ಕಷ್ಟ ಕಳೆಯಿತು ಅಂದುಕೊಂಡೆವು. ಪುಡಿಯ ಹದವೇ ಅವರದು. ಆದರೆ ಅವರದು ವಿಸಿಟರ್ ವೀಸಾ. ಆ ವೀಸಾದಲ್ಲಿ ಉದ್ಯೋಗ ಮಾಡುವ ಹಾಗಿಲ್ಲ. ಅಳತೆ ಗೊತ್ತಿರುವವರು ಸೌಟು ಹಿಡಿಯುವಂತಿಲ್ಲ, ಸೌಟು ಹಿಡಿದವಳಿಗೆ ಅಳತೆ ಗೊತ್ತಿಲ್ಲ. ಅವರು ಅಡುಗೆಮನೆಯ ಹೊಸ್ತಿಲಾಚೆ ಸೋಫಾದಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ಕಣ್ಣು ಟೀವಿಯಲ್ಲಿ. ಇದ್ದಕ್ಕಿದ್ದಂತೆ ಮೂಗು ಮೇಲೆತ್ತಿ, "ಮೆಂತ್ಯ ಕೆಂಪಾಯ್ತು, ಇಳಿಸೇ! ಇನ್ನೊಂದು ಕ್ಷಣ ಬಿಟ್ರೆ ಕಹಿ" ಅನ್ನುವರು. ಇಳಿಸಿ ನೋಡಿದರೆ ಕಾಳು ಕಾಳೂ ಒಂದೇ ಬಣ್ಣ. ಹದಿನೈದು ಅಡಿ ದೂರದಿಂದ ವಾಸನೆ ಹಿಡಿದು ಹೇಳುವುದು ಉದ್ಯೋಗವೇ, ಅಲ್ಲವೇ ಅಂತ ನಮ್ಮನೆಯವರಿಗೆ ಹೊಸ ಚಿಂತೆ. "ಸೊಸೆಗೆ ಬುದ್ಧಿ ಹೇಳೋದಕ್ಕೂ ವೀಸಾ ಬೇಕೇನೋ?" ಅಂತ ಅತ್ತೆ ಕೇಳಿದ ಮೇಲೆ ಆ ಫೈಲು ಮುಚ್ಚಿತು.

ಲೇಬಲ್ಲಿನದು ಇನ್ನೊಂದು ಪುರಾಣ. ಮನೆಯ ಅಡುಗೆಮನೆಯಲ್ಲಿ ತಯಾರಾದದ್ದು ಅಂತ 12 ಪಾಯಿಂಟಿನ ಅಕ್ಷರದಲ್ಲಿ ಅಚ್ಚು ಹಾಕಬೇಕು. ಸಾಮಗ್ರಿಗಳನ್ನು ತೂಕ ಹೆಚ್ಚಿರುವುದರಿಂದ ಕಡಿಮೆಗೆ ಸಾಲಾಗಿ ಬರೆಯಬೇಕು. ಅಲರ್ಜಿ ತರುವ ಪದಾರ್ಥವಿದ್ದರೆ ಹೇಳಲೇಬೇಕು. 2023ರಿಂದ ಎಳ್ಳೂ ಆ ಪಟ್ಟಿಗೆ ಸೇರಿ ಒಟ್ಟು ಒಂಬತ್ತಾಗಿವೆ. ಚಟ್ನಿಪುಡಿ ಮಾಡಿದರೆ ಶೇಂಗಾ, ಎಳ್ಳು ಎರಡನ್ನೂ ಒಪ್ಪಿಕೊಳ್ಳಬೇಕಾದೀತು, ಸಾರಿನ ಪುಡಿಯೇ ನಿರಪರಾಧಿ ಅಂದುಕೊಂಡಿದ್ದೆ. ಇಂಗಿನ ಡಬ್ಬಿಯನ್ನು ತಿರುಗಿಸಿ ಓದಿದರೆ, ಅದರಲ್ಲಿ ಇಂಗಿಗಿಂತ ಗೋಧಿಹಿಟ್ಟೇ ಜಾಸ್ತಿ. ಹೀಗಾಗಿ ನಮ್ಮ ಪ್ಯಾಕೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ಗೋಧಿ ಇದೆ’ ಅಂತ ಬಂತು.

ಇಷ್ಟಾದರೂ ಕಾನೂನಿನ ಜೊತೆ ಏಗಬಹುದು, ಗಿರಾಕಿಗಳ ಜೊತೆ ಕಷ್ಟ. ಗಿರಾಕಿಗಳೆಂದರೆ ಕನ್ನಡ ಕೂಟದವರು, ಮಗಳ ನೃತ್ಯದ ಕ್ಲಾಸಿನ ಅಮ್ಮಂದಿರು. ಬಾಗಿಲಲ್ಲಿ ನಿಂತು ಪ್ಯಾಕೆಟ್ ತೆಗೆದುಕೊಂಡು "ಎಷ್ಟಾಯ್ತು?" ಅಂದರೆ, ಹುಟ್ಟಿದಾಗಿನಿಂದ ಅಭ್ಯಾಸವಾದ ನಾಲಿಗೆ "ಅಯ್ಯೋ, ಇರಲಿ ಬಿಡಿ" ಅಂದುಬಿಡುತ್ತದೆ. ಅವರು "ಛೆ ಛೆ, ಅದ್ಹೇಗಾಗುತ್ತೆ" ಅನ್ನಬೇಕು, ನಾನು "ಮುಂದಿನ ಸಲ ಕೊಡಿ" ಅನ್ನಬೇಕು, ಅವರು ಮತ್ತೆ ಬಲವಂತ ಮಾಡಬೇಕು. ಮೂರನೆಯ ಸುತ್ತಿಗೆ ಫೋನಿನಲ್ಲೇ ಹಣ ಬರುತ್ತದೆ. ಕೆಲವರು ಎರಡನೆಯ ಸುತ್ತಿಗೇ "ಹಾಗಾದರೆ ಥ್ಯಾಂಕ್ಸ್" ಅಂತ ಹೊರಟುಬಿಡುತ್ತಾರೆ. ಹಣ ಕೊಟ್ಟವರು ಕಾಫಿ ಕುಡಿಯದೆ ಹೋಗುವಂತಿಲ್ಲ. ಕಾಫಿಯೆಂದರೆ ಜೊತೆಗೊಂದು ಚಕ್ಕುಲಿ, ಅವರ ಮಕ್ಕಳು ನಮ್ಮ ಮಕ್ಕಳು ಸೇರಿ ನಾಲ್ಕು, ಹಿಂದಿನ ಒಲೆಯ ಮೇಲೆ ಅರ್ಧ ಹುರಿದ ಧನಿಯ. ಅತಿಥಿ ಸತ್ಕಾರ ಬೇಡವೆಂದು ಬರೆದ ಪುಣ್ಯಾತ್ಮರ ದೂರದೃಷ್ಟಿ ಆಗ ಅರ್ಥವಾಗುತ್ತದೆ.

ಕಾನೂನನ್ನು ನಿಜವಾಗಿ ಮನಸ್ಸಿಗೆ ಹಚ್ಚಿಕೊಂಡವಳು ಮಗಳೊಬ್ಬಳೇ. ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ನೀಲಿ ಟೇಪು ಅಂಟಿಸಿ, ಇದನ್ನು ದಾಟಿದರೆ ಸರ್ಕಾರ ಬೈಯುತ್ತದೆ ಅಂದಿದ್ದೆ. ಈಗ ಅವಳು ಟೇಪಿನ ಮೇಲೆ ಕುರ್ಚಿ ಹಾಕಿಕೊಂಡು ಕೂತು ತಮ್ಮನನ್ನು ತಡೆಯುತ್ತಾಳೆ, ಅಪ್ಪ ನೀರು ಕುಡಿಯಲು ಬಂದರೆ "ನೀನು ಪೆಟ್ಟಾ?" ಅಂತ ವಿಚಾರಿಸಿ ಒಳಗೆ ಬಿಡುತ್ತಾಳೆ. ಸಾಯಂಕಾಲ ನಾನು ಮನೆಮಂದಿಗೆ ಅನ್ನಕ್ಕಿಟ್ಟರೂ ಬಿಡುವುದಿಲ್ಲ. ಅಡುಗೆಮನೆ ತನ್ನ ಕೈಗೆ ಬಂದಿದೆ ಅಂತ ಅವಳಿಗೆ ಗೊತ್ತಾಗಿಬಿಟ್ಟಿದೆ.

ಆರು ತಿಂಗಳಾಗಿ ಅತ್ತೆ ಹೊರಟು ನಿಂತಾಗ ಬಂಧುಗಳಿಗೆ ಅಮೆರಿಕದಿಂದ ಏನು ಒಯ್ಯುವುದೆಂಬ ಮಾತು ಬಂತು. ಚಾಕೊಲೇಟು ಎಲ್ಲರೂ ಕೊಡುತ್ತಾರೆ ಅಂದವರೇ, 23 ಕಿಲೋದ ಸೂಟ್‌ಕೇಸಿನಲ್ಲಿ ನಮ್ಮ ಸಾರಿನ ಪುಡಿಯ ಪ್ಯಾಕೆಟ್ಟುಗಳನ್ನು ಜೋಡಿಸಿದರು. ಬ್ಯಾಡಗಿಯಿಂದ ಸನ್ನಿವೇಲಿಗೆ ಬಂದ ಮೆಣಸಿನಕಾಯಿ ಪುಡಿಯಾಗಿ ಮೈಸೂರಿಗೆ ಹೊರಟಿತು. ಕಾನೂನಿನ ಪ್ರಕಾರ ರಾಜ್ಯದಾಚೆ ಮಾರುವ ಹಾಗಿಲ್ಲ. ಇದು ಮಾರಾಟವಲ್ಲ, ಅತ್ತೆ ಒಯ್ದದ್ದಕ್ಕೆ ದುಡ್ಡು ಕೇಳುವ ಸೊಸೆ ನಾನಲ್ಲ. ಹದಿನೈದು ದಿನದ ಮೇಲೆ ಕುವೆಂಪುನಗರದಿಂದ ಅವರ ಓರಗಿತ್ತಿ ಫೋನು ಮಾಡಿದರು. "ಸಾರು ಬಹಳ ಚೆನ್ನಾಗಾಯ್ತು ಕಣಮ್ಮಾ. ಆದರೆ ಒಂದು ಕೇಳಬೇಕು ಅಂತಿದ್ದೆ. ಮೇಲೆ ಗೋಧಿ ಇದೆ ಅಂತ ಬರೆದಿದೀರಲ್ಲ, ಅಮೆರಿಕದಲ್ಲಿ ಸಾರಿಗೂ ಗೋಧಿ ಹಾಕ್ತಾರಾ? ನಾನೂ ಒಂದು ಚಮಚ ಹಾಕಿ ನೋಡಿದೆ, ಸ್ವಲ್ಪ ಗಂಟಾಯ್ತು."