ಸ್ವಿಚ್‌ದ್ವಾರಪಾಲಕ ಮೀಮಾಂಸೆ

ಅನುಬಂಧ ವಿಚಾರ: ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳುವುದು ಶಾಸ್ತ್ರಕಾರರ ಪದ್ಧತಿ. ವಿಷಯ: ಸರ್ವರ್‌ಗಳನ್ನೂ ಡಿಸ್ಕ್ ಭಂಡಾರಗಳನ್ನೂ ಬೆಸೆಯುವ ಸ್ಯಾನ್ ಜಾಲದ ಸ್ವಿಚ್ಚಿಗೆ ಭದ್ರತಾ ಪಾಲಿಸಿ ಬರೆಯುವ ಬಗೆ. ಪ್ರಯೋಜನ: ಒಬ್ಬರ ಡಿಸ್ಕಿನ ಮೇಲೆ ಮತ್ತೊಬ್ಬರ ಸರ್ವರ್ ಬರೆಯದಿರುವುದು. ಅಧಿಕಾರಿ: ರಾತ್ರಿ ಎರಡಕ್ಕೆ ಫೋನ್ ಬಂದರೆ ಎದ್ದು ಕೂರಬೇಕಾದವನು. ಸಂಬಂಧ: ಈ ಶಾಸ್ತ್ರಕ್ಕೂ ಮುಂಬಯಿಯ ವಿಲೆ ಪಾರ್ಲೆಯ ಹೌಸಿಂಗ್ ಸೊಸೈಟಿಗೂ ಇರುವುದು ಮಗು-ತಾಯಿಯ ಸಂಬಂಧ. ಮಹಾರಾಷ್ಟ್ರದ ಸಹಕಾರಿ ಸಂಘಗಳ ಕಾಯ್ದೆ 1960ರದು. ಸ್ಯಾನ್ ಜಾಲದ ಭಾಷೆಯಾದ ಫೈಬರ್ ಚಾನೆಲ್ ಮಾನಕವಾದದ್ದು 1994ರಲ್ಲಿ. ಯಾರು ಯಾರಿಂದ ಕಲಿತರೆಂದು ಇನ್ನು ವಾದಿಸಬೇಕಿಲ್ಲ.

ಮತಭೇದ: ಝೋನ್ ಎಂದರೆ ಪರಸ್ಪರ ಕಾಣಬಲ್ಲ ಯಂತ್ರಗಳ ಗುಂಪು. ಅದನ್ನು ಕಟ್ಟದ ಜಾಲದಲ್ಲಿ ಯಾರು ಯಾರನ್ನು ಕಾಣಬಹುದು? ಎಲ್ಲರೂ ಎಲ್ಲರನ್ನೂ, ಎಂದರು ಬ್ರೊಕೇಡ್ ಸ್ವಿಚ್ ಮತದ ಪ್ರಾಚೀನರು. ಇದು ಅದ್ವೈತ. ಅನುಮತಿಸದ್ದೆಲ್ಲ ನಿಷಿದ್ಧ, ಎಂದರು ಸಿಸ್ಕೊ ಎಂಡಿಎಸ್ ಸ್ವಿಚ್ ಮತದವರು. ಇವರಿಗೆ ಭೇದವೇ ಸತ್ಯ. ದಿನವೂ ಉಡುಪಿ ಹೋಟೆಲಿನ ಇಡ್ಲಿ ತಿನ್ನುವ ನಾವು ದ್ವೈತದ ಪಕ್ಷ. ಪೂರ್ವಪಕ್ಷ: 1929ರಲ್ಲಿ ಶುರುವಾಗಿ 2016ರಲ್ಲಿ ನಿಂತ ಪಾರ್ಲೆ ಕಾರ್ಖಾನೆಯ ಬಿಸ್ಕತ್ ಪರಿಮಳ ಯಾವ ಝೋನನ್ನೂ ಕೇಳದೆ ಮನೆಮನೆ ಹೊಕ್ಕಿತ್ತಲ್ಲ? ಸಮಾಧಾನ: ಹೊಕ್ಕಿತ್ತು, ಯಾರ ಡಿಸ್ಕನ್ನೂ ಅಳಿಸಲಿಲ್ಲ.

ಪಟ್ಟಿತ್ರಯ: ಬ್ರೊಕೇಡಿನವರು ಹೇಳುವ ಪಾಲಿಸಿಗಳಲ್ಲಿ ಮೂರು ಮುಖ್ಯ. ಎಸ್‌ಸಿಸಿ: ಯಾವ ಸ್ವಿಚ್ಚುಗಳು ನಮ್ಮ ಕೂಟಕ್ಕೆ ಸೇರಿದವು, ಅಂದರೆ ಯಾವ ವಿಂಗ್ ನಮ್ಮದು. ಡಿಸಿಸಿ: ಯಾವ ಯಂತ್ರ ಯಾವ ಪೋರ್ಟಿಗೆ, ಅಂದರೆ ಯಾರ ಕಾರು ಯಾವ ಪಾರ್ಕಿಂಗಿಗೆ. ಎಫ್‌ಸಿಎಸ್: ಜಾಲದ ನಿಯಮ ತಿದ್ದುವ ಹಕ್ಕು ಪಟ್ಟಿಯ ಮೊದಲ ಸ್ವಿಚ್ಚಿಗೆ. ಇವರೇ ಸೆಕ್ರೆಟರಿ, ಇವರು ಇಲ್ಲವಾದಾಗ ಪಟ್ಟಿಯಲ್ಲಿ ಮುಂದಿನವರಾದ ಖಜಾಂಚಿ.

ಪ್ರಮಾಣ ವಿಚಾರ: ಪ್ರತಿ ಯಂತ್ರಕ್ಕೂ ವರ್ಲ್ಡ್‌ವೈಡ್ ನೇಮ್ ಎಂಬ 64 ಬಿಟ್‌ಗಳ ಹೆಸರುಂಟು. ಹೆಸರು ಹೇಳಿದರೆ ಸಾಕೆ? ಗೇಟಿನಲ್ಲಿ "ಬಿ ವಿಂಗ್ ಶೆಟ್ರ ಭಾವ" ಎಂದವರೆಲ್ಲ ಭಾವಂದಿರಾದರೆ ಶೆಟ್ರ ಅಕ್ಕತಂಗಿಯರನ್ನು ಎಣಿಸಿ ಮುಗಿಯದು. ಆದ್ದರಿಂದ ಡಿಎಚ್-ಚಾಪ್ ಎಂಬ ಗುರುತು ಪರೀಕ್ಷೆ. ಶೆಟ್ರ ಮನೆಯ ಗುಟ್ಟೊಂದು ಬಂದವನಿಗೆ ತಿಳಿದಿರಬೇಕು. ಅದನ್ನು ಗೇಟಿನಲ್ಲಿ ಬಾಯಿಬಿಡಕೂಡದು. ತಿಳಿದಿದೆಯೆಂದು ಮಾತ್ರ ರುಜುವಾಗಬೇಕು. ಇಷ್ಟು ನಿಭಾಯಿಸುವವನು ನಿಜವಾದ ಭಾವನೇ.

ಸ್ವಯಂಕಲಿಕಾ ದೋಷ: ಎಂಡಿಎಸ್‌ನಲ್ಲಿ ಪೋರ್ಟ್ ಸೆಕ್ಯುರಿಟಿ ಆಕ್ಟಿವೇಟ್ ಮಾಡಿದೊಡನೆ ಆಟೊ-ಲರ್ನ್ ತಾನೂ ಎಚ್ಚರಗೊಂಡು ಆ ಹೊತ್ತಿಗೆ ಒಳಗಿದ್ದವರನ್ನೆಲ್ಲ ಮನೆಯವರೆಂದು ಬರೆದುಕೊಳ್ಳುತ್ತದೆ. ಹೊಸ ವಾಚ್‌ಮನ್ ಕೆಲಸಕ್ಕೆ ಸೇರಿದ ರಾತ್ರಿ ಟೆರೇಸಿನಲ್ಲಿ ಅಡಗಿದ್ದ ಕಳ್ಳನಿಗೂ ಹೀಗೆಯೇ ಸದಸ್ಯತ್ವ ಸಿಕ್ಕೀತು. ಕಲಿಕೆಯನ್ನು ಸಕಾಲದಲ್ಲಿ ನಿಲ್ಲಿಸಿ, ಪಟ್ಟಿಯನ್ನು ಕಣ್ಣಾರೆ ಓದುವುದೇ ಪ್ರಾಯಶ್ಚಿತ್ತ.

ಸಿದ್ಧಾಂತ: ಬ್ರೊಕೇಡಿನಲ್ಲಿ ಸೇವ್ ಮಾಡಿದ ಪಾಲಿಸಿ ಪುಸ್ತಕದಲ್ಲಿರುತ್ತದೆ, ಆಕ್ಟಿವೇಟ್ ಮಾಡಿದ್ದು ಗೇಟಿನಲ್ಲಿ ನಿಲ್ಲುತ್ತದೆ. ಆಡಿಟರ್ ನೋಡುವುದು ಪುಸ್ತಕವನ್ನು. ಕಳ್ಳ ನೋಡುವುದು ಗೇಟನ್ನು.

ಫಲಶ್ರುತಿ: ಇದನ್ನು ಓದಿ ಪಾಲಿಸಿ ಬರೆದವನಿಗೆ ಪ್ರಮೋಷನ್, ಆಕ್ಟಿವೇಟ್ ಮಾಡಿದವನಿಗೆ ನಿದ್ದೆ. ಸ್ವಿಚ್ಚನ್ನು ಯಾವ ವಿಳಾಸದಿಂದ ನಿರ್ವಹಿಸಬಹುದೆಂದು ಹೇಳುವ ಐಪಿ ಫಿಲ್ಟರಿನಲ್ಲಿ ತನ್ನ ಲ್ಯಾಪ್‌ಟಾಪನ್ನೇ ಮರೆತು ಆಕ್ಟಿವೇಟ್ ಮಾಡಿದವನಿಗೆ, ಪಾರ್ಲೆಯಲ್ಲಿ ಸ್ಲೋ ಲೋಕಲ್ ಹತ್ತಿ, ದಾದರಿನಲ್ಲೊಮ್ಮೆ ಠಾಣೆಯಲ್ಲೊಮ್ಮೆ ಗಾಡಿ ಬದಲಿಸಿ, ಮಹಾಪೆಯ ಡೇಟಾ ಸೆಂಟರಿನಲ್ಲಿ ಕನ್ಸೋಲ್ ಕೇಬಲ್ ಹಿಡಿದು ನಿಲ್ಲುವ ಯೋಗ.