ರೇಡಿಯೇಟರಿನ ಅರಿಸಿನ ಸೇವೆ

ವಾರ್ಧಕ್ಯ ಪ್ರಾಪ್ತವಾದ ಕಾರಿಗೆ ಪೆಟ್ರೋಲಿಗಿಂತ ನೀರಿನ ಮೇಲೆಯೇ ವ್ಯಾಮೋಹ ಹೆಚ್ಚೆಂಬುದು ನಮ್ಮ ಮನೆಯ ವಾಹನವನ್ನು ಕಂಡವರಿಗೆಲ್ಲ ವಿದಿತ. ಪ್ರಾತಃಕಾಲದಲ್ಲಿ ಕಂಠಪೂರ್ತಿ ಕುಡಿಸಿದ ಹಸಿರು ಕೂಲೆಂಟು ಸಾಯಂಕಾಲಕ್ಕೆ ಅಂಗಳದ ಕಡಪಾ ಕಲ್ಲಿನ ಮೇಲೆ ರಂಗವಲ್ಲಿಯಾಗಿರುತ್ತದೆ. ಮೆಕ್ಯಾನಿಕ್ ಮಹಾಶಯರು ಮೊದಲು ಹೋಸ್ ಪೈಪನ್ನೂ ತರುವಾಯ ವಾಟರ್ ಪಂಪನ್ನೂ ಬದಲಿಸಿ, ಪ್ರತಿಸಲವೂ "ಇನ್ನು ಹತ್ತು ವರ್ಷ ಆ ಕಡೆ ನೋಡೋದೇ ಬೇಡ ಸಾರ್" ಎಂದು ಅಭಯವಿತ್ತರು. ಸೋರಿಕೆಯಾದರೋ, ಇಂಜಿನ್ ತಣ್ಣಗಿರುವಾಗ ಅಡಗಿದ್ದು, ಕಾದು ಒತ್ತಡವೇರಿದೊಡನೆ ಪ್ರತ್ಯಕ್ಷವಾಗುತ್ತಿತ್ತು. ನೀರು 100 ಡಿಗ್ರಿ ದಾಟಿದರೂ ಕುದಿಯದಂತೆ ಅದುಮಿಡುವ ಮುಚ್ಚಳವನ್ನು ಬಿಸಿಯಲ್ಲಿ ತೆರೆದರೆ ಮುಖಕ್ಕೇ ಅಭಿಷೇಕವಾಗುವುದರಿಂದ, ಶಿರಾಡಿ ಘಾಟಿಯ ಅಂಚಿನಲ್ಲಿ ಅದು ಆರುವುದನ್ನೇ ಕಾಯುತ್ತ ಕುಳಿತ ನಮ್ಮನ್ನು ಕಂಡು ಮರುಗಿದ ಲಾರಿ ಚಾಲಕನೊಬ್ಬನು, ರೇಡಿಯೇಟರಿಗೆ ಒಂದು ಮುಷ್ಟಿ ಅರಿಸಿನದ ಪುಡಿ ಹಾಕಿರೆಂದು ಉಪದೇಶಿಸಿದನು. ಮನೆಯಾಕೆಯ ಅರಿಸಿನದ ಡಬ್ಬ ಅಂದೇ ಬರಿದಾಯಿತು. ಸೋರಿಕೆ ಮಾತ್ರ ಹಳದಿ ಬಣ್ಣಕ್ಕೆ ತಿರುಗಿ ಮುಂದುವರಿದಿದೆ.